ಸ್ಪಾಂಡಿಲೈಟಿಸ್ಸೋ, ಸ್ಪಾಂಡಿಲೋಸಿಸ್ಸೋ? ಬೆನ್ನಿನ ರಿಪೋರ್ಟನ್ನು ಪದ ಬಿಡಿಸಿ ಓದುವ ಬಗೆ

"ಸರ, ನಮ್ಮ ಅವ್ವಗ ಸ್ಪಾಂಡಿಲೈಟಿಸ್ ಐತಿ ಅಂತ ಎಲ್ಲಾರೂ ಅಂತಾರ್ರಿ. ರಿಪೋರ್ಟಿನ್ಯಾಗ ನೋಡಿದ್ರ ಸ್ಪಾಂಡಿಲೋಸಿಸ್ ಅಂತ ಬರದಾರ. ಎರಡೂ ಒಂದ ಏನ್ರಿ?"

ಬಾಗಲಕೋಟೆಯಲ್ಲಿ ನರ್ಸಿಂಗ್ ಓದುವ ಹುಡುಗ ಹುಡುಗಿಯರಿಗೆ ಶರೀರರಚನೆ ಕಲಿಸುವ ನನಗೆ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ಮನೆಯವರು ಕೇಳುತ್ತಾರೆ, ಬೆಳಗಾವಿಗೋ ವಿಜಯಪುರಕ್ಕೋ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದ ನೆರೆಹೊರೆಯವರು ದೊಡ್ಡ ಲಕೋಟೆ ಹಿಡಿದುಕೊಂಡು ಬಂದು ಕೇಳುತ್ತಾರೆ. ಹಾಗಾಗಿ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡೂ ಒಂದೇ ಅಲ್ಲ. ಪದದ ತಲೆ ಒಂದೇ, ಬಾಲ ಬೇರೆ. ಬಾಲ ಬೇರೆಯಾದರೆ ಕಾಯಿಲೆ ಬೇರೆ, ಔಷಧಿ ಬೇರೆ, ಪಡಬೇಕಾದ ಚಿಂತೆಯ ತೂಕವೂ ಬೇರೆ. ನಮ್ಮ ಕಡೆ ಗೋಣು ನೋವು, ಟೊಂಕ ನೋವು ಯಾವುದೇ ಇದ್ದರೂ "ಸ್ಪಾಂಡಿಲೈಟಿಸ್" ಅಂದುಬಿಡುವ ರೂಢಿ ಬಿದ್ದಿದೆ. ವಯಸ್ಸಿನಿಂದ ಸವೆದ ಬೆನ್ನಿನವರು ಇದರಿಂದ ಸುಮ್ಮನೆ ಹೆದರುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾದ ಸ್ಪಾಂಡಿಲೈಟಿಸ್ ಇದ್ದವರು "ಊರಾಗ ಎಲ್ಲಾರಿಗೂ ಇರೋದ" ಎಂದು ತಿಂಗಳುಗಟ್ಟಲೆ ಮುಲಾಮು ತಿಕ್ಕಿಕೊಳ್ಳುತ್ತ ಕೂರುತ್ತಾರೆ.

ನಿಮಗೆ ಬೇಕಾಗುವುದು ಇಷ್ಟೇ: ರಿಪೋರ್ಟು, ಒಂದು ಪೆನ್ಸಿಲ್, ಒಂದು ಖಾಲಿ ಹಾಳೆ. ಹಳೆಯ ಎಕ್ಸ್‌ರೇ ಅಥವಾ ಎಂಆರ್‌ಐ ರಿಪೋರ್ಟು ಇದ್ದರೆ ಅದೂ ಪಕ್ಕದಲ್ಲಿರಲಿ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಂದರೆ ಸಾಕು, ಭಾಷೆ ಬರಬೇಕೆಂದಿಲ್ಲ. ಈ ಪದಗಳು ಇಂಗ್ಲಿಷಿನವೂ ಅಲ್ಲ. ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳವು. ಇಂಗ್ಲಿಷ್ ಮನೆಮಾತಿನವರಿಗೂ ಇವು ನಮಗಿದ್ದಷ್ಟೇ ಅಪರಿಚಿತ.

ಹಂತ 1: ಪದವನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ

ರಿಪೋರ್ಟಿನ ಕೊನೆಯಲ್ಲಿ "ಇಂಪ್ರೆಶನ್" ಎಂಬ ತಲೆಬರಹದ ಕೆಳಗೆ ಮೂರು ನಾಲ್ಕು ಸಾಲು ಇರುತ್ತದೆ. ಸ್ಕ್ಯಾನ್ ನೋಡಿದ ರೇಡಿಯಾಲಜಿಸ್ಟರ, ಅಂದರೆ ಚಿತ್ರ ಓದುವ ತಜ್ಞರ ಒಟ್ಟು ಅಭಿಪ್ರಾಯ ಅದು. ಮೊದಲು ಅಷ್ಟನ್ನೇ ಹಾಳೆಗೆ ಇಳಿಸಿಕೊಳ್ಳಿ.

ಇಲ್ಲಿ ಆಗುವ ತಪ್ಪು: ಕಿವಿಗೆ ಕೇಳಿದ್ದನ್ನು ಬರೆದುಕೊಳ್ಳುವುದು. ಸ್ಪಾಂಡಿಲೋಸಿಸ್, ಸ್ಪಾಂಡಿಲೈಟಿಸ್, ಸ್ಪಾಂಡಿಲೋಲೈಸಿಸ್, ಸ್ಪಾಂಡಿಲೋಲಿಸ್ಥೆಸಿಸ್ ಈ ನಾಲ್ಕೂ ಅವಸರದಲ್ಲಿ ಒಂದೇ ಥರ ಕೇಳುತ್ತವೆ. ನಾಲ್ಕೂ ಬೇರೆ ಬೇರೆ. ಫೋನಿನಲ್ಲಿ ಯಾರೋ ಹೇಳಿದ ಹೆಸರಿನ ಮೇಲೆ ಹುಡುಕಾಟ ಶುರು ಮಾಡಬೇಡಿ, ಕಾಗದದ ಮೇಲಿರುವುದನ್ನೇ ನೋಡಿ.

ಹಂತ 2: ಬಾಲದಿಂದ ಓದಿ

ಪದವನ್ನು ಎಡದಿಂದ ಬಲಕ್ಕೆ ಓದುವ ಬದಲು ಕೊನೆಯ ತುಂಡನ್ನು ಮೊದಲು ಪೆನ್ಸಿಲಿನಿಂದ ಬೇರ್ಪಡಿಸಿ. ದೇಹದಲ್ಲಿ ಏನಾಗಿದೆ ಎಂಬುದು ಬಾಲದಲ್ಲಿರುತ್ತದೆ. ಎಲ್ಲಿ ಆಗಿದೆ ಎಂಬುದು ತಲೆಯಲ್ಲಿರುತ್ತದೆ.

ಕೊನೆಯ ನಾಲ್ಕು ಅಕ್ಷರ ಐ-ಟಿ-ಐ-ಎಸ್ ಆಗಿದ್ದರೆ ಅದು "ಐಟಿಸ್", ಉರಿಯೂತ. ನಮ್ಮ ಕನ್ನಡ ಪದ ಇಲ್ಲಿ ಎಷ್ಟು ಚೆನ್ನಾಗಿದೆ ನೋಡಿ: ಉರಿ, ಊತ, ಎರಡೂ ಲಕ್ಷಣ ಹೆಸರಿನಲ್ಲೇ ಸೇರಿವೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬಾತ ಉರಿಯೂತದ ನಾಲ್ಕು ಗುರುತುಗಳನ್ನು ಬರೆದಿಟ್ಟ: ಕೆಂಪು, ಬಾವು, ಕಾವು, ನೋವು. ಇವತ್ತಿಗೂ ನಾವು ತರಗತಿಯಲ್ಲಿ ಇದನ್ನೇ ಕಲಿಸುತ್ತೇವೆ. ಬೆನ್ನಿನ ಒಳಗಿನ ಕೆಂಪು ನಮಗೆ ಕಾಣುವುದಿಲ್ಲ, ಆದರೆ ಒಳಗೆ ನಡೆಯುವ ಕ್ರಿಯೆ ಅದೇ. ದೇಹದ ರಕ್ಷಣಾ ಪಡೆ ಆ ಜಾಗಕ್ಕೆ ನುಗ್ಗಿದೆ ಎಂದರ್ಥ. ರೋಗಾಣು ಬಂದಿರಬಹುದು, ಅಥವಾ ರಕ್ಷಣಾ ಪಡೆ ತನ್ನ ಮನೆಯವರ ಮೇಲೆಯೇ ತಿರುಗಿಬಿದ್ದಿರಬಹುದು.

ಕೊನೆಯಲ್ಲಿ ಓ-ಎಸ್-ಐ-ಎಸ್ ಇದ್ದರೆ "ಓಸಿಸ್". ಗ್ರೀಕಿನಲ್ಲಿ ಇದಕ್ಕೆ ಒಂದು ಸ್ಥಿತಿ, ಒಂದು ಬದಲಾವಣೆ ಎಂಬಷ್ಟೇ ಅರ್ಥ. ಸ್ಪಾಂಡಿಲೋಸಿಸ್ಸಿನಲ್ಲಿ ಆ ಬದಲಾವಣೆ ಎಂದರೆ ಸವಕಳಿ. ವಯಸ್ಸಾದಂತೆ ಮೂಳೆಗಳ ನಡುವಿನ ಮೆತ್ತೆ ನೀರು ಕಳೆದುಕೊಂಡು ತೆಳ್ಳಗಾಗುತ್ತದೆ, ಮೂಳೆಯ ಅಂಚಿನಲ್ಲಿ ಸಣ್ಣ ಮುಳ್ಳುಗಳು ಎದ್ದುಕೊಳ್ಳುತ್ತವೆ. ರಿಪೋರ್ಟಿನಲ್ಲಿ ಆ ಮುಳ್ಳುಗಳಿಗೆ "ಆಸ್ಟಿಯೋಫೈಟ್" ಎಂದು ಬರೆದಿರುತ್ತಾರೆ. ಆಸ್ಟಿಯೋನ್ ಎಂದರೆ ಮೂಳೆ, ಫೈಟೋನ್ ಎಂದರೆ ಗಿಡ. ಮೂಳೆಯಲ್ಲಿ ಮೊಳೆತ ಚಿಗುರು! ಗೆಡ್ಡೆ ಎಂದು ತಿಳಿದು ಗಾಬರಿಯಾದವರನ್ನು ನೋಡಿದ್ದೇನೆ. ಅದು ಗೆಡ್ಡೆಯಲ್ಲ, ಸವೆದ ಕೀಲು ತನ್ನನ್ನು ತಾನು ಅಗಲ ಮಾಡಿಕೊಳ್ಳಲು ನೋಡಿದ ಗುರುತು.

ಉಳಿದ ಬಾಲಗಳು ಚಿಕ್ಕದಾಗಿ: "ಲೈಸಿಸ್" ಎಂದರೆ ಬಿಚ್ಚಿಕೊಳ್ಳುವುದು, ಇಲ್ಲಿ ಬೆನ್ನುಮೂಳೆಯ ಹಿಂಭಾಗದ ಸೇತುವೆಯಂಥ ಭಾಗದಲ್ಲಿ ಬಿರುಕು. "ಪತಿ" ಎಂದು ಕೊನೆಯಾದರೆ ಗಂಡನಲ್ಲ, ಗ್ರೀಕಿನ ಪಾಥೋಸ್, ನೋವು ಅಥವಾ ರೋಗ. "ಸ್ಟೆನೋಸಿಸ್" ಎಂದರೆ ಇಕ್ಕಟ್ಟಾಗುವುದು, ಸ್ಟೆನೋಸ್ ಎಂದರೆ ಕಿರಿದು.

"ಲಿಸ್ಥೆಸಿಸ್" ಬಗ್ಗೆ ಸ್ವಲ್ಪ ನಿಲ್ಲಬೇಕು. ಇದು ಜಾರುವುದು. ಸ್ಪಾಂಡಿಲೋಲಿಸ್ಥೆಸಿಸ್ ಎಂದರೆ ಮೇಲಿನ ಮೂಳೆ ಕೆಳಗಿನ ಮೂಳೆಯ ಮೇಲಿಂದ ಮುಂದಕ್ಕೆ ಜಾರಿರುವುದು. ಇದನ್ನು ಮೊದಲು ಗಮನಿಸಿದವರು ಮೂಳೆ ವೈದ್ಯರಲ್ಲ, ಹೆರಿಗೆ ವೈದ್ಯರು. 1782ರಲ್ಲಿ ಬೆಲ್ಜಿಯಂನ ಎರ್ಬಿನಿಯೋ ಎಂಬ ವೈದ್ಯ, ಹೆರಿಗೆಯ ದಾರಿಗೆ ಅಡ್ಡವಾಗಿ ನಿಂತಿದ್ದ ಮೂಳೆಯ ಉಬ್ಬನ್ನು ಕಂಡು ಬರೆದಿಟ್ಟರು. 1854ರಲ್ಲಿ ಕಿಲಿಯಾನ್ ಎಂಬ ಜರ್ಮನ್ ಹೆರಿಗೆ ತಜ್ಞ ಈ ಹೆಸರು ಕಟ್ಟಿದರು. ರಿಪೋರ್ಟಿನಲ್ಲಿ ಇದರ ಜೊತೆ "ಗ್ರೇಡ್" ಎಂಬ ಅಂಕಿ ಇರುತ್ತದೆ. ಗ್ರೇಡ್ 1 ಎಂದರೆ ಕೆಳಗಿನ ಮೂಳೆಯ ಅಗಲದ ಕಾಲು ಭಾಗದವರೆಗೆ ಜಾರಿದೆ, 2 ಎಂದರೆ ಅರ್ಧದವರೆಗೆ, 3 ಎಂದರೆ ಮುಕ್ಕಾಲರವರೆಗೆ, 4 ಎಂದರೆ ಅದಕ್ಕೂ ಹೆಚ್ಚು.

ಎಚ್ಚರ: "ಡಿಸ್ಕ್ ಜಾರೇದ" ಎಂದು ನಾವು ಅನ್ನುವುದು ಇದಲ್ಲ. ಡಿಸ್ಕ್ ಎಂದರೆ ಎರಡು ಮೂಳೆಗಳ ನಡುವಿನ ಮೆತ್ತೆ. ಅದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಜಾರುವುದಿಲ್ಲ, ಉಬ್ಬುತ್ತದೆ ಅಥವಾ ಅದರ ಹೊರಕವಚ ಸೀಳಿ ಒಳಗಿನ ತಿರುಳು ಹೊರಬರುತ್ತದೆ. ರಿಪೋರ್ಟಿನಲ್ಲಿ "ಬಲ್ಜ್" ಎಂದಿದ್ದರೆ ಬರೀ ಉಬ್ಬು, "ಎಕ್ಸ್‌ಟ್ರೂಶನ್" ಎಂದಿದ್ದರೆ ತಿರುಳು ಹೊರಬಂದಿದೆ. ಜಾರುವುದು ಮೂಳೆ, ಉಬ್ಬುವುದು ಡಿಸ್ಕ್.

ಹಂತ 3: ಈಗ ತಲೆಗೆ ಬನ್ನಿ

ಬಾಲ ಕತ್ತರಿಸಿದ ಮೇಲೆ ಉಳಿಯುವುದು "ಸ್ಪಾಂಡಿಲ್". ಗ್ರೀಕಿನ ಸ್ಪಾಂಡಿಲೋಸ್. ಬೆನ್ನಿನ ಸಾಲಿನಲ್ಲಿರುವ ಒಂದೊಂದು ಮೂಳೆಗೂ ಆ ಹೆಸರು. ಅದೇ ಪದಕ್ಕೆ ಗ್ರೀಕರಲ್ಲಿ ಇನ್ನೊಂದು ಅರ್ಥವೂ ಇತ್ತು: ನೂಲುವ ಕದಿರಿಗೆ ಭಾರ ಕೊಡುವ, ನಡುವೆ ತೂತಿರುವ ದುಂಡು ಬಿಲ್ಲೆ. ಶಾಲೆಯಲ್ಲಿ ತಕಲಿ ಹಿಡಿದು ನೂಲು ತೆಗೆದವರಿಗೆ ಇದು ಕೂಡಲೇ ಹೊಳೆಯುತ್ತದೆ. ತಕಲಿಯ ಕಡ್ಡಿಯ ಕೆಳಗೆ ಇರುತ್ತದಲ್ಲ ಹಿತ್ತಾಳೆಯ ಬಿಲ್ಲೆ, ಅದೇ. ಇಳಕಲ್, ಗುಳೇದಗುಡ್ಡದಂಥ ನೂಲಿನ ಊರುಗಳಿರುವ ಜಿಲ್ಲೆಯಲ್ಲಿ ಕೂತು ಈ ಪದ ಕಲಿಸುವಾಗ ನನಗೆ ಚಿತ್ರ ಬಿಡಿಸುವ ಕೆಲಸವೇ ಇರುವುದಿಲ್ಲ.

ನಮ್ಮ ಭಾಷೆಗಳು ಅದೇ ಮೂಳೆಯನ್ನು ಹೇಗೆ ಕಂಡವು? ಕನ್ನಡ ಪಠ್ಯಪುಸ್ತಕದಲ್ಲಿ ಅದು ಕಶೇರುಮಣಿ. ಬೆಳಗಾವಿ ಕಡೆ ಮರಾಠಿ ಬಲ್ಲವರ ಬಾಯಲ್ಲಿ ಮಣಕಾ. ಎರಡರಲ್ಲೂ ಇರುವುದು ಮಣಿ. ಗ್ರೀಕರಿಗೆ ಕದಿರಿನ ಬಿಲ್ಲೆ ಕಂಡಿತು, ನಮಗೆ ಸರದ ಮಣಿ ಕಂಡಿತು. ಇಬ್ಬರೂ ಗಮನಿಸಿದ್ದು ನಡುವಿನ ತೂತನ್ನೇ. ಆ ತೂತುಗಳು ಒಂದರ ಮೇಲೊಂದು ಕೂತು ಆಗುವ ಕೊಳವೆಯೊಳಗೆ ಇಳಿಯುವ ನರದ ಹಗ್ಗವನ್ನು ಕನ್ನಡದಲ್ಲಿ ಬೆನ್ನುಹುರಿ ಎನ್ನುತ್ತೇವೆ. ಹುರಿ ಎಂದರೆ ಹೊಸೆದ ದಾರ. ಮಣಿಗಳು, ಅವುಗಳೊಳಗೆ ದಾರ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ರಿಪೋರ್ಟಿನ ಅರ್ಧ ಪದಗಳು ತಾವಾಗಿಯೇ ಜಾಗಕ್ಕೆ ಬಂದು ಕೂರುತ್ತವೆ.

ಇಲ್ಲಿ ಆಗುವ ದೊಡ್ಡ ತಪ್ಪು, ಮಣಿಯನ್ನೂ ಹುರಿಯನ್ನೂ ಬೆರೆಸುವುದು. "ಬೆನ್ನುಹುರಿ ಸವೆದಿದೆ" ಎನ್ನುವವರು ಬಹಳ ಜನ. ಸವೆಯುವುದು ಮಣಿ ಮತ್ತು ಮೆತ್ತೆ. ಹುರಿಗೆ ತೊಂದರೆಯಾದರೆ ಪದದ ತಲೆಯಲ್ಲಿ "ಮೈಲೋ" ಇರುತ್ತದೆ: ಮೈಲೋಪತಿ. ಗೋಣಿನ ಭಾಗದಲ್ಲಿ ಹುರಿ ಒತ್ತಿಹೋದರೆ ಅಂಗಿಯ ಗುಂಡಿ ಹಾಕುವುದು ಕಷ್ಟವಾಗುತ್ತದೆ, ಬರಹ ಕೆಡುತ್ತದೆ, ನಡೆಯುವಾಗ ಕಾಲು ತಡವರಿಸುತ್ತದೆ. ರಿಪೋರ್ಟಿನಲ್ಲಿ ಮೈಲೋಪತಿ ಅಥವಾ "ಕಾರ್ಡ್ ಕಂಪ್ರೆಶನ್" ಎಂಬ ಪದ ಇದ್ದರೆ ಈ ಲೇಖನವನ್ನು ಬದಿಗಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಿ.

"ಮೈಲೋ" ಬಗ್ಗೆ ಇನ್ನೊಂದು ಮಾತು. ಮೈಲೋಸ್ ಎಂದರೆ ಮೂಲದಲ್ಲಿ ಮಜ್ಜೆ, ಮೂಳೆಯೊಳಗಿನ ಮೆತ್ತನೆಯ ತಿರುಳು. ಬೆನ್ನುಹುರಿಯೂ ಮೂಳೆಯೊಳಗಿರುವ ಮೆತ್ತನೆಯ ವಸ್ತುವಾದ್ದರಿಂದ ಹಳಬರು ಅದಕ್ಕೂ ಅದೇ ಹೆಸರಿಟ್ಟರು. ಹಾಗಾಗಿ ಮೈಲೋಪತಿ ಹುರಿಯ ತೊಂದರೆ, ಮೈಲೋಮಾ ಮಜ್ಜೆಯ ಕ್ಯಾನ್ಸರ್. ತಲೆ ಒಂದೇ ಎಂದು ಒಂದರ ಭಯವನ್ನು ಇನ್ನೊಂದಕ್ಕೆ ಅಂಟಿಸಬೇಡಿ.

"ರ್‍ಯಾಡಿಕ್ಯುಲೋಪತಿ" ಎಂದಿದ್ದರೆ ರ್‍ಯಾಡಿಕ್ಯುಲಾ, ಲ್ಯಾಟಿನ್‌ನಲ್ಲಿ ಸಣ್ಣ ಬೇರು. ಹುರಿಯಿಂದ ಕವಲೊಡೆದು ಕೈಗೋ ಕಾಲಿಗೋ ಹೋಗುವ ನರದ ಬುಡ ಒತ್ತಿದೆ ಎಂದರ್ಥ. ಟೊಂಕದಿಂದ ಕಾಲಿನವರೆಗೆ ಸೆಳೆತ ಇಳಿಯುವ ಸಯಾಟಿಕಾ ಹೆಚ್ಚಾಗಿ ಹೀಗೇ ಬರುವುದು. ಸಯಾಟಿಕಾ ಪದವೂ ಗ್ರೀಕರ ಇಸ್ಕಿಯೋನ್, ಅಂದರೆ ಪೃಷ್ಠದ ಮೂಳೆಯ ಹೆಸರಿನಿಂದ ಸವೆದು ಸವೆದು ಬಂದದ್ದು. ಆಯುರ್ವೇದದಲ್ಲಿ ಇಂಥ ನೋವಿಗೆ ಗೃಧ್ರಸಿ ಎನ್ನುತ್ತಾರೆ, ಅದರೊಳಗೆ ಗೃಧ್ರ, ರಣಹದ್ದು ಕೂತಿದೆ. ಸಯಾಟಿಕಾ ಎಂಬುದು ಲಕ್ಷಣದ ಹೆಸರು, ಕಾರಣದ ಹೆಸರಲ್ಲ. "ಸಯಾಟಿಕಾ ಇದೆ" ಎಂದರೆ ನರ ಯಾಕೆ ಒತ್ತಿದೆ ಎಂಬುದು ಇನ್ನೂ ತಿಳಿಯಬೇಕು.

ಹಂತ 4: ಮುಂದಿನ ವಿಶೇಷಣ ಜಾಗ ಹೇಳುತ್ತದೆ

ಇದು ಸುಲಭ. ಸರ್ವೈಕಲ್ ಎಂದರೆ ಗೋಣು. ಥೊರಾಸಿಕ್ ಅಥವಾ ಡಾರ್ಸಲ್ ಎಂದರೆ ಪಕ್ಕೆಲುಬು ಕೂಡುವ ಬೆನ್ನಿನ ನಡುಭಾಗ. ಲಂಬಾರ್ ಎಂದರೆ ಟೊಂಕ. ಸೇಕ್ರಲ್ ಎಂದರೆ ಅದರ ಕೆಳಗಿನ ತ್ರಿಕೋನದ ಮೂಳೆ. ಲ್ಯಾಟಿನ್‌ನಲ್ಲಿ ಆ ಮೂಳೆಯನ್ನು ಪವಿತ್ರ ಮೂಳೆ ಎಂದೇ ಕರೆದಿದ್ದಾರೆ.

ಆದರೆ ಸರ್ವೈಕಲ್ ಪದ ನಮ್ಮ ಹೆಣ್ಣುಮಕ್ಕಳಿಗೆ ಕೊಡುವ ಸಂಕಟವನ್ನು ಹೇಳಲೇಬೇಕು. "ಸರ್ವೈಕಲ್ ಸ್ಪಾಂಡಿಲೋಸಿಸ್" ಎಂಬ ಚೀಟಿ ಹಿಡಿದು "ಸರ, ಇದು ಗರ್ಭಕೋಶದ ಕ್ಯಾನ್ಸರ್ ಅಲ್ಲಲ್ಲರೀ?" ಎಂದು ಕಣ್ಣೀರು ತುಂಬಿಕೊಂಡು ಕೇಳಿದವರಿದ್ದಾರೆ. ಲ್ಯಾಟಿನ್‌ನಲ್ಲಿ ಸರ್ವಿಕ್ಸ್ ಎಂದರೆ ಕುತ್ತಿಗೆ. ತಲೆಯ ಕೆಳಗಿನ ಕುತ್ತಿಗೆಗೂ ಅದೇ, ಗರ್ಭಕೋಶದ ಬಾಯಿಯ ಹತ್ತಿರದ ಕಿರಿದಾದ ಭಾಗಕ್ಕೂ ಅದೇ. ಕನ್ನಡದಲ್ಲಿ ನಾವೂ ಅದನ್ನು ಗರ್ಭಕೊರಳು ಎನ್ನುತ್ತೇವಲ್ಲ! ಯಾವ ಕೊರಳು ಎಂಬುದನ್ನು ಪಕ್ಕದ ಪದ ತೀರ್ಮಾನಿಸುತ್ತದೆ. ಪಕ್ಕದಲ್ಲಿ ಸ್ಪಾಂಡಿಲ್, ಸ್ಪೈನ್, ಡಿಸ್ಕ್ ಇದ್ದರೆ ಗೋಣು. ಪ್ಯಾಪ್ ಸ್ಮಿಯರ್, ಬಯಾಪ್ಸಿ ಎಂಬ ಪದಗಳ ಜೊತೆ ಬಂದರೆ ಸಾಮಾನ್ಯವಾಗಿ ಗರ್ಭಕೊರಳು. ನರ್ಸಿಂಗ್ ಓದುತ್ತಿರುವ ಮಕ್ಕಳಿಗೆ ನನ್ನ ಕೋರಿಕೆ: ವಾರ್ಡಿನಲ್ಲಿ ಹೆಣ್ಣುಮಕ್ಕಳ ಮುಂದೆ ಬರೀ "ಸರ್ವೈಕಲ್" ಎಂದು ಅರ್ಧಕ್ಕೆ ನಿಲ್ಲಿಸಬೇಡಿ. "ಗೋಣಿನ ಮೂಳಿ ಸವದಾವ ಅಕ್ಕಾ" ಎಂದು ಪೂರ್ತಿ ಹೇಳಿ.

ಹಂತ 5: ಅಕ್ಷರ ಮತ್ತು ಅಂಕಿ

ಎಲ್4–ಎಲ್5, ಸಿ5–ಸಿ6 ಎಂಬುವು ಔಷಧಿಯ ಹೆಸರೂ ಅಲ್ಲ, ರೋಗದ ಹಂತವೂ ಅಲ್ಲ. "ಎಲ್5 ಹಂತಕ್ಕ ಹೋಗೇತಿ" ಎಂದು ತಪ್ಪು ತಿಳಿಯುವವರಿದ್ದಾರೆ. ಇವು ಮನೆ ನಂಬರಿನಂತೆ. ಗೋಣಿನಲ್ಲಿ 7 ಮೂಳೆ, ಸಿ1ರಿಂದ ಸಿ7. ಎದೆಯ ಹಿಂದೆ 12, ಟೊಂಕದಲ್ಲಿ 5. ಅದರ ಕೆಳಗೆ 5 ಮೂಳೆ ಬೆಸೆದುಕೊಂಡು ಸೇಕ್ರಮ್, ಕೊನೆಗೆ ಸಾಮಾನ್ಯವಾಗಿ 4 ಚಿಕ್ಕ ಮೂಳೆ ಸೇರಿ ಬಾಲದ ಮೂಳೆ. ಎಲ್4–ಎಲ್5 ಎಂದರೆ ಟೊಂಕದ ನಾಲ್ಕನೆಯ ಮತ್ತು ಐದನೆಯ ಮೂಳೆಯ ನಡುವಿನ ಜಾಗ. ಭಾರ ಹೆಚ್ಚಾಗಿ ಬೀಳುವುದು ಅಲ್ಲಿ ಮತ್ತು ಅದರ ಕೆಳಗಿನ ಎಲ್5–ಎಸ್1ರಲ್ಲಿ. ಅದಕ್ಕೇ ಬಹಳ ರಿಪೋರ್ಟುಗಳಲ್ಲಿ ಈ ಎರಡೇ ನಂಬರು ಕಾಣುವುದು.

ಎದೆಯ ಹಿಂದಿನ ಮೂಳೆಗಳಿಗೆ ಒಬ್ಬರು ಡಿ12 ಎಂದೂ ಇನ್ನೊಬ್ಬರು ಟಿ12 ಎಂದೂ ಬರೆಯುತ್ತಾರೆ. ಎರಡೂ ಒಂದೇ ಮೂಳೆ. ಎರಡು ರಿಪೋರ್ಟು ಹೋಲಿಸುವಾಗ ಹೊಸ ಜಾಗದಲ್ಲಿ ರೋಗ ಬಂತೆಂದು ತಿಳಿಯಬೇಡಿ.

ಮೊದಲೆರಡು ಮೂಳೆಗಳಿಗೆ ನಂಬರಿನ ಜೊತೆ ಹೆಸರೂ ಉಂಟು. ಸಿ1 ಅಟ್ಲಾಸ್, ಗ್ರೀಕ್ ಪುರಾಣದಲ್ಲಿ ಆಕಾಶ ಹೊತ್ತು ನಿಂತವನ ಹೆಸರು. ನಮ್ಮ ಆದಿಶೇಷ ಭೂಮಿ ಹೊತ್ತ ಹಾಗೆ ಈ ಮೂಳೆ ತಲೆಬುರುಡೆ ಹೊತ್ತಿದೆ. ಸಿ2 ಆಕ್ಸಿಸ್, ಬಂಡಿಯ ಅಚ್ಚು. ಸಂಸ್ಕೃತದ ಅಕ್ಷ ಮತ್ತು ಈ ಆಕ್ಸಿಸ್ ಒಂದೇ ಬೇರಿನ ಪದಗಳು. "ಇಲ್ಲ" ಎಂದು ನಾವು ತಲೆ ಅಲ್ಲಾಡಿಸುವುದು ಹೆಚ್ಚಾಗಿ ಆ ಅಚ್ಚಿನ ಮೇಲೆ ಅಟ್ಲಾಸ್ ತಿರುಗುವುದರಿಂದಲೇ.

ಹಂತ 6: ಕತ್ತರಿಸಲು ಬಾರದ ಪದಗಳನ್ನು ಗುರುತಿಸಿ

ಎಲ್ಲ ಪದವೂ ತಲೆ ಬಾಲ ಎಂದು ತುಂಡಾಗುವುದಿಲ್ಲ. ಕೆಲವು ಮನುಷ್ಯರ ಹೆಸರುಗಳು. ನಮ್ಮ ಭಾಗದ ರಿಪೋರ್ಟುಗಳಲ್ಲಿ ಎರಡನ್ನು ನೀವು ತಿಳಿದಿರಲೇಬೇಕು.

"ಪಾಟ್ಸ್ ಸ್ಪೈನ್": 1779ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಹೆಸರು. ಇದು ಬೆನ್ನುಮೂಳೆಯ ಕ್ಷಯ, ಟಿಬಿ. "ಕಾಕ್ಸ್ ಸ್ಪೈನ್" ಎಂದಿದ್ದರೂ ಅದೇ. 1882ರಲ್ಲಿ ಕ್ಷಯದ ರೋಗಾಣುವನ್ನು ಪ್ರಕಟಿಸಿದ ರಾಬರ್ಟ್ ಕಾಕ್ ಹೆಸರಿನಿಂದ ಬಂದದ್ದು. ರೋಗಿಯ ಮುಂದೆ ಟಿಬಿ ಎಂಬ ಪದ ಬೇಡವೆಂದು ವೈದ್ಯರು "ಕಾಕ್ಸ್" ಎನ್ನುವುದುಂಟು. ಈ ಮುಚ್ಚುಮರೆ ನನಗೆ ಸರಿ ಕಾಣುವುದಿಲ್ಲ. ಹೆಸರು ಗೊತ್ತಿಲ್ಲದವರು ಮಾತ್ರೆಯನ್ನು ಅರ್ಧಕ್ಕೇ ಬಿಡುತ್ತಾರೆ.

ಇನ್ನು "ಕಾಕ್ಸಿಕ್ಸ್". ಕಿವಿಗೆ ಕಾಕ್ಸ್ ಎಂಬಂತೆಯೇ ಕೇಳುತ್ತದೆ, ಆದರೆ ಸಂಬಂಧವೇ ಇಲ್ಲ. ಇದು ಬಾಲದ ಮೂಳೆ. ಗ್ರೀಕಿನಲ್ಲಿ ಕೊಕ್ಕಿಕ್ಸ್ ಎಂದರೆ ಕೋಗಿಲೆ ಜಾತಿಯ ಹಕ್ಕಿ. ಆ ಪುಟ್ಟ ಮೂಳೆ ಅದರ ಕೊಕ್ಕಿನಂತೆ ಬಾಗಿದೆ ಎಂದು ಆ ಹೆಸರು. ಕೂಗಿನಿಂದಲೇ ಹುಟ್ಟಿದ ಹೆಸರು ಅದು, ನಮ್ಮ ಕೋಗಿಲೆಯೂ ಹಾಗೇ ತಾನೆ. ಜಾರಿ ಕುಂಡೆಯ ಮೇಲೆ ಬಿದ್ದವರ ರಿಪೋರ್ಟಿನಲ್ಲಿ ಕಾಕ್ಸಿಕ್ಸ್ ಎಂದಿರುವುದನ್ನು ಟಿಬಿ ಎಂದು ಓದಬೇಡಿ.

ಮೂಲ ಅರ್ಥವೇ ಇವತ್ತಿನ ಅರ್ಥವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಐಟಿಸ್"ಗೆ ಹಳೆಯ ಗ್ರೀಕಿನಲ್ಲಿ "ಅದಕ್ಕೆ ಸಂಬಂಧಿಸಿದ" ಎಂಬಷ್ಟೇ ಅರ್ಥವಿತ್ತು. ಆರ್ಥ್ರೈಟಿಸ್ ಎಂದರೆ ಕೀಲಿಗೆ ಸಂಬಂಧಿಸಿದ ರೋಗ, ಅಷ್ಟೇ. ಉರಿಯೂತ ಎಂಬ ಗಟ್ಟಿ ಅರ್ಥ ಬಂದದ್ದು ಬಹಳ ನಂತರ. ಹಾಗೆಯೇ "ಲಾರ್ಡೋಸಿಸ್" ಪದದಲ್ಲಿ ಓಸಿಸ್ ಇದ್ದರೂ ಟೊಂಕದ ಸಹಜ ಬಾಗಿಗೇ ಈಗ ಆ ಹೆಸರು. "ಲಾಸ್ ಆಫ್ ಲಾರ್ಡೋಸಿಸ್" ಎಂದರೆ ಆ ಸಹಜ ಬಾಗು ನೆಟ್ಟಗಾಗಿದೆ ಎಂದು. ಹೆಚ್ಚಿನ ಸಲ ನೋವಿನಿಂದ ಸ್ನಾಯು ಬಿಗಿಹಿಡಿದಿರುವುದೇ ಕಾರಣ. ಪದ ಬಿಡಿಸುವುದು ಬಾಗಿಲು ತೆರೆಯುವುದಕ್ಕೆ ಸಾಕು, ಒಳಗೆ ಏನಿದೆ ಎಂದು ತೀರ್ಪು ಕೊಡುವುದಕ್ಕೆ ಸಾಲದು.

ಹಂತ 7: ಪದವನ್ನು ಮನುಷ್ಯನ ಪಕ್ಕಕ್ಕಿಟ್ಟು ನೋಡಿ

ಈಗ ನಿಮ್ಮ ಹಾಳೆಯಲ್ಲಿ ಪದ ಮೂರು ತುಂಡಾಗಿ ಬಿದ್ದಿದೆ: ಸರ್ವೈಕಲ್, ಸ್ಪಾಂಡಿಲ್, ಓಸಿಸ್. ಗೋಣು, ಮಣಿ, ಸವಕಳಿ. ಅದರ ಕೆಳಗೆ ರೋಗಿಯ ವಯಸ್ಸು ಮತ್ತು ತೊಂದರೆಯನ್ನು ಬರೆಯಿರಿ.

ಓಸಿಸ್ ಆಗಿದ್ದರೆ: ನೋವಿಲ್ಲದ ಜನರ ಬೆನ್ನಿನ ಸ್ಕ್ಯಾನ್‌ಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟವಾಯಿತು. ಸುಮಾರು 3,100 ಜನ, ಯಾರಿಗೂ ಬೆನ್ನುನೋವಿಲ್ಲ. ಆದರೂ 20 ವರ್ಷದವರಲ್ಲಿ ಶೇಕಡಾ 37 ಜನರಿಗೆ, 80 ವರ್ಷದವರಲ್ಲಿ ಶೇಕಡಾ 96 ಜನರಿಗೆ ಡಿಸ್ಕ್ ಸವೆದದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. ಅಂದರೆ ತಲೆಗೂದಲು ನರೆಯುವ ಹಾಗೆ ಇದೂ ಒಂದು ಬದಲಾವಣೆ. ಕುಣಿ ಮಗ್ಗದಲ್ಲಿ ಇಡೀ ದಿನ ಬಗ್ಗಿ ಕೂತವರಿಗೆ, ಕಬ್ಬಿನ ಹೊರೆ ಹೊತ್ತವರಿಗೆ ಬೆನ್ನು ನೋಯುವುದು ನಿಜ, ಆ ನೋವಿಗೆ ವ್ಯಾಯಾಮ, ಭಂಗಿ, ಬೇಕಾದಾಗ ಔಷಧಿ ಎಲ್ಲ ಇದೆ. ಆದರೆ ರಿಪೋರ್ಟಿನ ಪದ ನೋಡಿ ಕೆಲಸ ಬಿಟ್ಟು ಹಾಸಿಗೆ ಹಿಡಿಯಬೇಕಾಗಿಲ್ಲ. ಹೆಚ್ಚು ದಿನ ಮಲಗಿದಷ್ಟೂ ಬೆನ್ನಿನ ಸ್ನಾಯು ಸೋಲುತ್ತದೆ.

ಐಟಿಸ್ ಆಗಿದ್ದರೆ, ಅಥವಾ ರಿಪೋರ್ಟಿನಲ್ಲಿ ಓಸಿಸ್ ಇದ್ದೂ ಲಕ್ಷಣ ಐಟಿಸ್‌ನಂತಿದ್ದರೆ, ಸುಮ್ಮನಿರಬೇಡಿ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಯವರು ಗಮನಿಸಬೇಕಾದ ಬಗೆಗಳು ಇವು.

ಒಂದು, ಕ್ಷಯ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ಬೆನ್ನುನೋವು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆದರೆ ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು.

ಎರಡು, ಬ್ರುಸೆಲ್ಲೋಸಿಸ್. ದನ, ಎಮ್ಮೆ, ಕುರಿ, ಆಡುಗಳಿಂದ ಬರುವ ಸೋಂಕು. ಹೆಸರಿನಲ್ಲಿ ಓಸಿಸ್ ಇದೆ, ಬೆನ್ನಿಗೆ ಇಳಿದರೆ ಮಾಡುವುದು ಐಟಿಸ್. ಹಸಿ ಹಾಲು ಕುಡಿಯುವುದು, ಕಂದು ಹಾಕಿದ ಆಕಳ ಮಾಸನ್ನು ಬರಿಗೈಯಲ್ಲಿ ಎತ್ತುವುದು ಇದರ ದಾರಿ. ಮನೆಯಲ್ಲಿ ಹೈನು ಇದ್ದು, ಬಂದು ಹೋಗುವ ಜ್ವರದ ಜೊತೆ ಟೊಂಕ ನೋವಿದ್ದರೆ ವೈದ್ಯರಿಗೆ ದನದ ವಿಷಯವನ್ನು ನೀವಾಗಿಯೇ ಹೇಳಿ. ಅವರು ಕೇಳಲು ಮರೆಯಬಹುದು. ಹಾಲು ಕುದಿಸಿದರೆ ಆ ರೋಗಾಣು ಸಾಯುತ್ತದೆ.

ಮೂರು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಆಂಕಿಲೋಸ್ ಎಂದರೆ ಬಾಗಿದ. ಕೀಲು ಬಿಗಿದು ಬೆಸೆದುಕೊಳ್ಳುವುದಕ್ಕೆ ಆಂಕಿಲೋಸಿಸ್ ಎನ್ನುತ್ತಾರೆ. ಇದು ಮುದುಕರ ರೋಗವಲ್ಲ, ಹರೆಯದಲ್ಲಿ ಶುರುವಾಗುವಂಥದ್ದು, ಹೆಚ್ಚಾಗಿ 45 ವರ್ಷದೊಳಗೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಬೆನ್ನು ಬಿಗಿದಿರುತ್ತದೆ, ಓಡಾಡಿದರೆ ಹಗುರ, ಮಲಗಿದರೆ ಜಾಸ್ತಿ. ಸವಕಳಿಯ ನೋವು ಸಾಮಾನ್ಯವಾಗಿ ಇದಕ್ಕೆ ತಿರುವುಮುರುವು. ಕಣ್ಣು ಕೆಂಪಾಗಿ ನೋಯುವುದೂ ಉಂಟು. ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿಗೂ ಇದಕ್ಕೂ ನಂಟಿರುವುದು 1973ರಲ್ಲಿ ತಿಳಿಯಿತು, ರಕ್ತಪರೀಕ್ಷೆಯಲ್ಲಿ ಅದನ್ನು ನೋಡುತ್ತಾರೆ. ಆ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ರೋಗವಿದೆ ಎಂದಲ್ಲ. ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರನ್ನು ಕೇಳಬೇಕು.

ಈ ಮೂರರಲ್ಲಿ ಯಾವುದರ ಅನುಮಾನವಿದ್ದರೂ ಬೆನ್ನು ತುಳಿಸುವುದು, ಗೋಣು ತಿರುಗಿಸಿ ಲಟಕ್ ಅನ್ನಿಸುವುದು ಬೇಡವೇ ಬೇಡ. ಕ್ಷಯದಿಂದ ಟೊಳ್ಳಾದ ಮೂಳೆ ಕುಸಿದು ಹುರಿಯನ್ನು ಒತ್ತಿದರೆ ಕಾಲಿನ ಬಲವೇ ಹೋಗಬಹುದು.

ದಿನ ಕಾಯದೆ, ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳೂ ಇವೆ. ಬೆನ್ನುಹುರಿ ಟೊಂಕದ ಒಂದು ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಎಳೆ ಎಳೆಯಾಗಿ ಇಳಿಯುತ್ತವೆ. ಅದಕ್ಕೆ ಲ್ಯಾಟಿನ್‌ನಲ್ಲಿ "ಕಾಡಾ ಇಕ್ವೈನಾ", ಕುದುರೆಯ ಬಾಲ ಎಂದು ಹೆಸರು. ಅದು ಒತ್ತಿಹೋದರೆ ಮೂತ್ರ ಕಟ್ಟುತ್ತದೆ ಅಥವಾ ತಿಳಿಯದೆ ಹೋಗುತ್ತದೆ, ಕುದುರೆಯ ತಡಿ ತಾಗುವ ಜಾಗವೆಲ್ಲ, ಅಂದರೆ ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯುವುದಿಲ್ಲ, ಎರಡೂ ಕಾಲು ಸೋಲುತ್ತವೆ. ನಾಚಿಕೆಯಿಂದ ಇದನ್ನು ಮುಚ್ಚಿಡುವವರು, ಅದರಲ್ಲೂ ಹೆಣ್ಣುಮಕ್ಕಳು, ಬಹಳ. ತಡವಾದರೆ ನರ ಮರಳಿ ಚೇತರಿಸುವುದು ಕಷ್ಟ.

ಇಂಥ ತುರ್ತು ಇಲ್ಲದಿದ್ದರೆ, ವೈದ್ಯರ ಮುಂದೆ ಕೂತಾಗ ನಿಮ್ಮ ಹಾಳೆ ಮುಂದಿಟ್ಟು ಕೇಳಿ: "ಸಾಹೇಬ್ರ, ಇದು ಸವಕಳೀನೋ ಉರಿಯೂತಾನೋ? ಹುರಿಗೆ ಅಥವಾ ನರದ ಬುಡಕ್ಕ ಒತ್ತಡ ಐತೇನ್ರಿ? ನನ್ನ ನೋವು ಇದರಿಂದನ ಬರಾಕತ್ತೇತೋ, ಇಲ್ಲಾ ಬ್ಯಾರೆ ಕಾರಣ ಇರಬಹುದೋ?" ರಿಪೋರ್ಟಿನ ಕಾಗದವನ್ನಷ್ಟೇ ಒಯ್ಯಬೇಡಿ. ಜೊತೆಗೆ ಕೊಟ್ಟ ಫಿಲ್ಮ್ ಅಥವಾ ಸಿಡಿಯನ್ನೂ, ಹಳೆಯ ಎಕ್ಸ್‌ರೇ ಮನೆಯಲ್ಲಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಫಿಲ್ಮನ್ನು ಮಡಚಬೇಡಿ, ಬಿಸಿಲಿಗೆ ಇಡಬೇಡಿ.